ದಿನಾಂಕ ನೋಡಿ ಆಯ್ಕೆ ತೋರಿಸುವುದು: ಆ ತೀರ್ಮಾನ ಟೆಂಪ್ಲೇಟ್‌ಗೆ ಬಿಡಬೇಡಿ

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ನಡೆಯುವ ಮಕ್ಕಳ ಬೇಸಿಗೆ ಶಿಬಿರವೊಂದರ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಜ್ಯಾಂಗೋದಲ್ಲಿ (ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟು) ಮಾಡಿದ್ದು. ನೋಂದಣಿ ಫಾರ್ಮಿನಲ್ಲಿ ಮೂರು ಆಯ್ಕೆಗಳಿವೆ. ಫೆಬ್ರವರಿ 28ರವರೆಗೆ ಮುಂಗಡ ನೋಂದಣಿ, 1,500 ರೂಪಾಯಿ. ಮಾರ್ಚ್ 1ರಿಂದ 25ರವರೆಗೆ ಸಾಮಾನ್ಯ, 2,000. ಆಮೇಲೆ ಏಪ್ರಿಲ್ 5ರವರೆಗೆ ಕೊನೇ ಹಂತ, 2,500. ಟೆಂಪ್ಲೇಟ್‌ನಲ್ಲೇ, ಅಂದರೆ ಪುಟದ ಅಚ್ಚಿನಲ್ಲೇ, ‘ನೌ’ ಟ್ಯಾಗ್‌ನಿಂದ ಇವತ್ತಿನ ದಿನಾಂಕ ತೆಗೆದು, ‘ಇಫ್’ (ಹೀಗಿದ್ದರೆ) ಅನ್ನುವ ಷರತ್ತು ಹಾಕಿ, ಆಯಾ ಆಯ್ಕೆ ತೋರಿಸುತ್ತಿದ್ದೆ. ಮಾರ್ಚ್ 1ರ ಬೆಳಗಿನ ಜಾವ ಐದೂವರೆವರೆಗೂ ಮುಂಗಡ ಆಯ್ಕೆ ಹಾಗೇ ಇತ್ತು. ಅದು ಮಾಯವಾದ ಮೇಲೂ, ಬೆಳಗ್ಗೆ ಹತ್ತರ ಹೊತ್ತಿಗೆ ಕೆಲವರು 1,500ಕ್ಕೇ ಸೇರಿಕೊಂಡಿದ್ದಾರೆ. ಆಮೇಲೆ ದಿನಾಂಕಗಳನ್ನು ಡೇಟಾಬೇಸ್‌ಗೆ ಹಾಕಿ ಹೋಲಿಸಿ ನೋಡಿದೆ. ಈಗ ಒಂದು ಆಯ್ಕೆಯೂ ಕಾಣಿಸುತ್ತಿಲ್ಲ, ಎರರ್ ಕೂಡ ಬರುತ್ತಿಲ್ಲ. ಗೆಳೆಯರೊಬ್ಬರು ‘ಜಾವಾಸ್ಕ್ರಿಪ್ಟ್‌ನಲ್ಲಿ ಮಾಡಿಬಿಡಿ, ಸುಲಭ’ ಅನ್ನುತ್ತಾರೆ. ಸರಿಯಾದ ದಾರಿ ಯಾವುದು? ಕಡಿಮೆ ದರದಲ್ಲಿ ಸೇರಿದವರಿಂದ ಉಳಿದ 500 ಕೇಳಬೇಕೇ?

ಉತ್ತರ: ನಿಮಗೆ ಆಗಿರುವುದು ಮೂರು ಬೇರೆ ಬೇರೆ ತೊಂದರೆ. ಒಂದೇ ಫಾರ್ಮಿನಲ್ಲಿ ಕಾಣಿಸಿಕೊಂಡಿದ್ದರಿಂದ ಒಂದೇ ಅನ್ನಿಸುತ್ತಿದೆ. ಒಂದೊಂದಾಗಿ ಬಿಡಿಸೋಣ.

ಮೊದಲು ಐದೂವರೆ. ಈ ಸಮಯ ಓದಿದ ಕೂಡಲೇ ಕಾರಣ ಗೊತ್ತಾಯಿತು. ಭಾರತದ ಸಮಯ ಯುಟಿಸಿಗಿಂತ, ಅಂದರೆ ಜಗತ್ತಿಗೆಲ್ಲ ಆಧಾರವಾದ ಸಮಯಕ್ಕಿಂತ, 5 ಗಂಟೆ 30 ನಿಮಿಷ ಮುಂದಿದೆ. ನಮ್ಮಲ್ಲಿ ಮಾರ್ಚ್ 1ರ ನಡುರಾತ್ರಿ 12 ಆದಾಗ ಯುಟಿಸಿ ಗಡಿಯಾರದಲ್ಲಿ ಇನ್ನೂ ಫೆಬ್ರವರಿ 28ರ ಸಂಜೆ 6:30. ಅಲ್ಲಿ ದಿನ ಬದಲಾಗುವಷ್ಟರಲ್ಲಿ ನಮ್ಮಲ್ಲಿ ಬೆಳಗಾಗುತ್ತಾ ಬಂದಿರುತ್ತದೆ. ಜ್ಯಾಂಗೋದಲ್ಲಿ ಹೊಸ ಪ್ರಾಜೆಕ್ಟ್ ಶುರು ಮಾಡಿದಾಗ ಸೆಟ್ಟಿಂಗ್ಸ್ ಫೈಲಿನಲ್ಲಿ ಟೈಮ್‌ಝೋನ್ ಯುಟಿಸಿ ಅಂತಲೇ ಬಂದಿರುತ್ತದೆ. ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. ‘ನೌ’ ಟ್ಯಾಗ್ ಆ ಸೆಟ್ಟಿಂಗ್ ನೋಡಿಕೊಂಡೇ ದಿನಾಂಕ ಕೊಡುತ್ತದೆ. ಹಾಗಾಗಿ ನಿಮ್ಮ ‘ಇಫ್’ ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಇತ್ತು. ಅದಕ್ಕೆ ಸಿಕ್ಕ ‘ಇವತ್ತು’ ಮಾತ್ರ ನಮ್ಮದಾಗಿರಲಿಲ್ಲ.

ಇದರ ಇನ್ನೊಂದು ತುದಿಯನ್ನು ನೀವು ಗಮನಿಸಿರಲಿಕ್ಕಿಲ್ಲ. ನೋಂದಣಿ ಶುರುವಾದ ದಿನವೂ ಫಾರ್ಮ್ ತೆರೆದಿದ್ದು ಬೆಳಗ್ಗೆ ಐದೂವರೆಗೇ. ರಾತ್ರಿ 12ಕ್ಕೆ ಯಾರೂ ಕಾಯುತ್ತಾ ಕೂತಿರಲಿಲ್ಲ, ಅದಕ್ಕೇ ದೂರು ಬರಲಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಝೋನನ್ನು ‘ಏಷ್ಯಾ/ಕೊಲ್ಕತ್ತಾ’ ಮಾಡಿ. ಟೈಮ್‌ಝೋನ್ ಬಳಸು ಅನ್ನುವ ಇನ್ನೊಂದು ಸೆಟ್ಟಿಂಗ್ ಇದೆ, ಅದನ್ನು ಆನ್ ಆಗಿಯೇ ಬಿಡಿ. ಜ್ಯಾಂಗೋ 5.0ರಿಂದ ಅದು ತಾನಾಗಿಯೇ ಆನ್ ಇರುತ್ತದೆ. ಹೀಗೆ ಇಟ್ಟರೆ ಡೇಟಾಬೇಸ್‌ನೊಳಗೆ ಸಮಯವೆಲ್ಲ ಯುಟಿಸಿಯಲ್ಲೇ ಉಳಿಯುತ್ತದೆ, ತೋರಿಸುವಾಗ ಮತ್ತು ತುಂಬಿಸಿಕೊಳ್ಳುವಾಗ ಮಾತ್ರ ಭಾರತೀಯ ಸಮಯವಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಸೆಟ್ಟಿಂಗ್ ಬದಲಿಸುವ ಮುಂಚೆಯೇ ಅಡ್ಮಿನ್‌ನಲ್ಲಿ (ಸೈಟಿನ ಮಾಹಿತಿ ತುಂಬುವ ಪುಟಗಳಲ್ಲಿ) ದಿನಾಂಕದ ಜೊತೆಗೆ ಸಮಯವನ್ನೂ ತುಂಬಿದ್ದರೆ, ನೀವು ರಾತ್ರಿ 12 ಅಂತ ಹಾಕಿದ್ದೆಲ್ಲ ಈಗ ಬೆಳಗ್ಗೆ 5:30 ಅಂತ ಕಾಣಿಸುತ್ತದೆ. ಗಾಬರಿ ಬೇಡ, ಡೇಟಾ ಕೆಟ್ಟಿಲ್ಲ. ಅವು ಮೊದಲಿನಿಂದಲೂ ನಮ್ಮ 5:30ನ್ನೇ ಹೇಳುತ್ತಿದ್ದವು, ಈಗ ಕಣ್ಣಿಗೆ ಬಿದ್ದಿವೆ ಅಷ್ಟೆ. ಒಂದೊಂದನ್ನೂ ತೆರೆದು ಸರಿಯಾದ ಸಮಯ ಹಾಕಿ ಉಳಿಸಿ.

ಈಗ ಮೂರನೆಯ ತೊಂದರೆಗೆ ಬರುತ್ತೇನೆ, ಅದು ಬೇಗ ಮುಗಿಯುತ್ತದೆ. ‘ನೌ’ ಟ್ಯಾಗ್ ಕೊಡುವುದು ಬರೀ ಅಕ್ಷರ, ಅಂದರೆ ಸ್ಟ್ರಿಂಗ್. ಡೇಟಾಬೇಸ್‌ನಿಂದ ಬರುವುದು ನಿಜವಾದ ದಿನಾಂಕ. ಎರಡು ಬೇರೆ ಜಾತಿಯ ವಸ್ತುಗಳನ್ನು ಚಿಕ್ಕದು ದೊಡ್ಡದು ಅಂತ ಹೋಲಿಸಿದರೆ ಪೈಥಾನ್ ತಕ್ಷಣ ಟೈಪ್ ಎರರ್ ಕೊಡುತ್ತದೆ. ಆದರೆ ಜ್ಯಾಂಗೋ ಟೆಂಪ್ಲೇಟ್‌ನ ‘ಇಫ್’ ಆ ಎರರನ್ನು ನುಂಗಿಕೊಂಡು ‘ಸುಳ್ಳು’ ಅಂತ ಉತ್ತರ ಕೊಟ್ಟುಬಿಡುತ್ತದೆ. ಮೂರೂ ಹೋಲಿಕೆ ಸುಳ್ಳಾದರೆ ಮೂರೂ ಆಯ್ಕೆ ಮಾಯ. ಲಾಗ್‌ನಲ್ಲಿ (ಸರ್ವರಿನ ದಾಖಲೆಯಲ್ಲಿ) ಎಷ್ಟು ಹುಡುಕಿದರೂ ಏನೂ ಸಿಗುವುದಿಲ್ಲ. ಇದೇ ಹೋಲಿಕೆಯನ್ನು ಜಿಂಜಾ ಅನ್ನುವ ಇನ್ನೊಂದು ಟೆಂಪ್ಲೇಟ್ ವ್ಯವಸ್ಥೆಯಲ್ಲಿ ಬರೆದಿದ್ದರೆ ಪುಟವೇ ಒಡೆದು ನಿಮಗೆ ಆಗಲೇ ಗೊತ್ತಾಗುತ್ತಿತ್ತು.

ಸ್ಟ್ರಿಂಗ್‌ಗೆ ಸ್ಟ್ರಿಂಗನ್ನೇ ಹೋಲಿಸುವುದೂ ಕೈಕೊಡುತ್ತದೆ. ವರ್ಷ, ತಿಂಗಳು, ದಿನ ಅನ್ನುವ ಕ್ರಮದಲ್ಲಿ, ತಿಂಗಳಿಗೂ ದಿನಕ್ಕೂ ಎರಡೆರಡು ಅಂಕಿ ಇಟ್ಟು ಬರೆದರೆ ಮಾತ್ರ ಅಕ್ಷರದ ಕ್ರಮವೂ ಕಾಲದ ಕ್ರಮವೂ ಹೊಂದುತ್ತವೆ. 2026-02-28 ಮತ್ತು 2026-03-01 ಸರಿಯಾದ ಕ್ರಮದಲ್ಲೇ ಬರುತ್ತವೆ. ಅದನ್ನೇ ನಮ್ಮ ರೂಢಿಯಂತೆ 28-02-2026 ಮತ್ತು 01-03-2026 ಎಂದು ಬರೆದು ನೋಡಿ. ಸ್ಟ್ರಿಂಗ್ ಲೆಕ್ಕದಲ್ಲಿ ಸೊನ್ನೆ ಎರಡಕ್ಕಿಂತ ಚಿಕ್ಕದು, ಹಾಗಾಗಿ ಮಾರ್ಚ್ 1 ಫೆಬ್ರವರಿ 28ಕ್ಕಿಂತ ಮುಂಚೆ ಬಂದುಬಿಡುತ್ತದೆ. ಹಾಗೆ ಬರೆದಿದ್ದರೆ ನಿಮ್ಮ ಮುಂಗಡ ಆಯ್ಕೆ ಮಾರ್ಚ್ 28ರವರೆಗೂ ಮುಚ್ಚುತ್ತಿರಲಿಲ್ಲ. ನೀವು ವರ್ಷದಿಂದ ಶುರು ಮಾಡಿದ್ದೇ ಪುಣ್ಯ.

ಇನ್ನು ಎರಡನೆಯದು, ಬೆಳಗ್ಗೆ ಹತ್ತರ ನೋಂದಣಿಗಳು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಆಯ್ಕೆ ಪುಟದಿಂದ ಹೋದ ಮೇಲೂ ಸರ್ವರ್ ಅದನ್ನು ಒಪ್ಪಿಕೊಂಡಿದೆ. ಅಂದರೆ ಫಾರ್ಮ್ ಬಂದಾಗ ದಿನಾಂಕವನ್ನು ಯಾರೂ ಮತ್ತೆ ನೋಡಿಲ್ಲ. ‘ಮುಚ್ಚಿದೆ’ ಅಂತ ಬೋರ್ಡು ತಿರುಗಿಸಿ ಬಾಗಿಲು ತೆರೆದೇ ಬಿಟ್ಟ ಅಂಗಡಿಯ ಹಾಗೆ. ಒಬ್ಬ ತಾಯಿ ಹಿಂದಿನ ರಾತ್ರಿ ಹತ್ತಕ್ಕೆ ಫಾರ್ಮ್ ತೆರೆದಿರುತ್ತಾರೆ. ಮಗುವಿನ ಫೋಟೋ ಸಿಗಲಿಲ್ಲ ಅಂತ ಮೊಬೈಲ್‌ನಲ್ಲಿ ಹಾಗೇ ಬಿಟ್ಟು ಮಲಗುತ್ತಾರೆ. ಬೆಳಗ್ಗೆ ಫೋಟೋ ಹಾಕಿ ಕಳಿಸುತ್ತಾರೆ. ಅವರ ಪುಟದಲ್ಲಿ ಹಳೆಯ ಆಯ್ಕೆ ಇನ್ನೂ ಇದೆ, ಒತ್ತಿದ್ದಾರೆ. ಇದರಲ್ಲಿ ಮೋಸ ಏನೂ ಇಲ್ಲ. ಮೋಸ ಮಾಡುವವರಿಗೂ ಇದು ಕಷ್ಟವಲ್ಲ ಅನ್ನುವುದು ಬೇರೆ ಮಾತು. ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದರೆ ಅಡಗಿಸಿದ ಆಯ್ಕೆಯನ್ನು ಯಾರು ಬೇಕಾದರೂ ಮತ್ತೆ ಬರೆದು ಕಳಿಸಬಹುದು.

ಇನ್ನೊಂದು ಕಾರಣವೂ ಇರಬಹುದು: ಕ್ಯಾಶ್, ಅಂದರೆ ತಯಾರಾದ ಪುಟದ ನಕಲನ್ನು ಇಟ್ಟುಕೊಂಡು ಅದನ್ನೇ ಮತ್ತೆ ಮತ್ತೆ ಕೊಡುವುದು. ಪುಟವನ್ನು ಜ್ಯಾಂಗೋದ ಕ್ಯಾಶ್‌ನಲ್ಲೋ, ಮುಂದಿರುವ ಸಿಡಿಎನ್‌ನಲ್ಲೋ (ನಕಲು ಹಂಚುವ ಬೇರೆ ಸರ್ವರ್‌ಗಳಲ್ಲಿ) ಇಟ್ಟಿದ್ದರೆ ‘ಇಫ್’ ಓಡುವುದು ಪುಟ ತಯಾರಾದಾಗ ಒಂದು ಸಲ ಮಾತ್ರ. ಆಮೇಲೆ ಬಂದವರಿಗೆಲ್ಲ ಅದೇ ಹಳೆಯ ಪುಟ ಹೋಗುತ್ತದೆ. ಎರಡರಲ್ಲಿ ಯಾವುದು ಅಂತ ಸರ್ವರ್ ಲಾಗ್ ನೋಡಿ ತಿಳಿಯಬಹುದು. ಕಳಿಸಿದವರು ಹಿಂದಿನ ದಿನವೇ ಪುಟ ತೆರೆದ ದಾಖಲೆ ಇದ್ದರೆ ಮೊದಲನೆಯದು. ಪುಟ ಕೇಳಿದ ದಾಖಲೆಯೇ ಇಲ್ಲದೆ ಬರೀ ಫಾರ್ಮ್ ಬಂದಿದ್ದರೆ, ಸರ್ವರಿಗಿಂತ ಮುಂದೆ ಯಾರೋ ಹಳೆಯ ಪುಟ ಹಂಚುತ್ತಿದ್ದಾರೆ ಅಂತ ಅರ್ಥ. ಪುಟದ ಜೊತೆ ಸರ್ವರ್ ಕಳಿಸುವ ವಿವರಗಳಲ್ಲಿ, ಅಂದರೆ ಹೆಡರ್‌ಗಳಲ್ಲಿ ‘ಏಜ್’ ಅಂತ ಒಂದು ಇದ್ದರೆ ನೋಡಿ. ಪುಟ ಎಷ್ಟು ಸೆಕೆಂಡಿನಿಂದ ಕ್ಯಾಶ್‌ನಲ್ಲಿ ಕೂತಿದೆ ಅಂತ ಅದು ಹೇಳುತ್ತದೆ.

ಹಾಗಾದರೆ ಕಟ್ಟುವುದು ಹೇಗೆ? ನನ್ನ ಸಲಹೆ ನೇರವಾಗಿದೆ. ಯಾವ ಆಯ್ಕೆ ಈಗ ತೆರೆದಿದೆ ಅನ್ನುವ ತೀರ್ಮಾನ ಒಂದೇ ಕಡೆ ಆಗಬೇಕು, ಅದು ಟೆಂಪ್ಲೇಟ್‌ನ ಹೊರಗೆ ಇರಬೇಕು. ಪುಟ ತೋರಿಸುವಾಗಲೂ ಫಾರ್ಮ್ ಒಪ್ಪಿಕೊಳ್ಳುವಾಗಲೂ ಅದನ್ನೇ ಕೇಳಬೇಕು.

ಪ್ರತಿ ಆಯ್ಕೆಗೆ ಡೇಟಾಬೇಸ್‌ನಲ್ಲಿ ಒಂದು ಸಾಲು. ಅದರಲ್ಲಿ ಹೆಸರು, ದರ, ಶುರು, ಕೊನೆ. ಶುರು ಮತ್ತು ಕೊನೆ ಎರಡನ್ನೂ ಸಮಯ ಸಮೇತ ಇಡಿ. ನಿಯಮ ಇಷ್ಟೇ:

ಶುರು ≤ ಈಗ < ಕೊನೆ

ಎಡಗಡೆ ಸಮ ಚಿಹ್ನೆ ಇದೆ, ಬಲಗಡೆ ಇಲ್ಲ. ಸುಮ್ನೆ ಹಾಗೆ ಬರೆದಿದ್ದಲ್ಲ. ಮುಂಗಡ ನೋಂದಣಿಯ ಕೊನೆಯನ್ನು ಫೆಬ್ರವರಿ 28 ಅಂತ ಹಾಕಿದರೆ, ಸಮಯ ಇರುವ ಫೀಲ್ಡ್‌ನಲ್ಲಿ ಅದು 28ರ ಬೆಳಗು ಹುಟ್ಟುವ ಮುಂಚಿನ ನಡುರಾತ್ರಿ 12 ಆಗುತ್ತದೆ. 28ನೇ ತಾರೀಖು ಪೂರ್ತಿ ಕೈತಪ್ಪಿತು. ಅದೇ ಎಲ್ಲರೂ ಓಡಿ ಬರುವ ದಿನ! ಇದನ್ನು ತಪ್ಪಿಸಲು ಬಹಳ ಜನ 28ರ ರಾತ್ರಿ 23:59 ಅಂತ ಹಾಕುತ್ತಾರೆ. ಆಗ 23:59ರಿಂದ 12ರವರೆಗಿನ ಒಂದು ನಿಮಿಷ ಯಾವ ಆಯ್ಕೆಗೂ ಸೇರುವುದಿಲ್ಲ. ಆ ನಿಮಿಷದಲ್ಲಿ ಬಂದವರಿಗೆ ಖಾಲಿ ಪಟ್ಟಿ. ಬದಲಿಗೆ ಮುಂಗಡದ ಕೊನೆ ‘ಮಾರ್ಚ್ 1, 00:00’, ಸಾಮಾನ್ಯದ ಶುರುವೂ ‘ಮಾರ್ಚ್ 1, 00:00’ ಅಂತ ಇಡಿ. ಮೇಲಿನ ನಿಯಮದ ಪ್ರಕಾರ ಆ ಕ್ಷಣ ಸಾಮಾನ್ಯಕ್ಕೆ ಸೇರುತ್ತದೆ, ಮುಂಗಡಕ್ಕೆ ಇಲ್ಲ. ನಡುವೆ ಬಿರುಕೂ ಇಲ್ಲ, ಒಂದರ ಮೇಲೊಂದು ಬೀಳುವುದೂ ಇಲ್ಲ. ಇನ್ನೊಂದು ಲಾಭ ಇದೆ. ಪ್ರತಿ ವರ್ಷ ಇದೇ ವೇಳಾಪಟ್ಟಿ ನಕಲು ಮಾಡಿದರೆ 2028ರಲ್ಲಿ ಫೆಬ್ರವರಿಗೆ 29 ದಿನ ಅಂತ ನೆನಪಿಟ್ಟುಕೊಳ್ಳಬೇಕಿಲ್ಲ. ಮಾರ್ಚ್ 1 ಯಾವಾಗಲೂ ಮಾರ್ಚ್ 1ನೇ.

ಪುಟದಲ್ಲಿ ಮಾತ್ರ ಜನರಿಗೆ ‘ಫೆಬ್ರವರಿ 28ರ ರಾತ್ರಿ 12ರವರೆಗೆ’ ಅಂತಲೇ ಬರೆಯಿರಿ. ಕೊನೆಯಿಂದ ಒಂದು ನಿಮಿಷ ಕಳೆದು ದಿನಾಂಕ ತೋರಿಸಿದರೆ ಸಾಕು. ಅಡ್ಮಿನ್‌ನಲ್ಲಿ ದಿನಾಂಕ ತುಂಬುವವರು ನೀವಲ್ಲದೆ ಬೇರೆಯವರಾದರೆ, ಆ ಫೀಲ್ಡಿನ ಕೆಳಗೆ ‘ಈ ಸಮಯಕ್ಕೆ ಆಯ್ಕೆ ಮುಚ್ಚುತ್ತದೆ’ ಅಂತ ಒಂದು ಸಾಲು ಹಾಕಿ.

ದಿನದ ಲೆಕ್ಕ ಸಾಕು, ಗಂಟೆ ಬೇಡ ಅನ್ನುವ ಕಡೆ ಬರೀ ದಿನಾಂಕದ ಫೀಲ್ಡ್ ಇಟ್ಟು, ಎರಡೂ ಕಡೆ ಸಮ ಚಿಹ್ನೆ ಹಾಕಿ ಹೋಲಿಸಿದರೂ ನಡೆಯುತ್ತದೆ. ಹಾಗೆ ಮಾಡುವುದಾದರೆ ‘ಇವತ್ತು’ ಅನ್ನುವುದನ್ನು ಜ್ಯಾಂಗೋದ ಟೈಮ್‌ಝೋನ್ ಮಾಡ್ಯೂಲಿನ ‘ಲೋಕಲ್‌ಡೇಟ್’ನಿಂದ ತೆಗೆದುಕೊಳ್ಳಿ. ನಿಮ್ಮ ವಿಷಯದಲ್ಲಿ ಹಣ ಇದೆ, ಹೊರದೇಶದಿಂದ ಸೇರುವವರೂ ಇರಬಹುದು. ಅದಕ್ಕೇ ನಾನು ಸಮಯ ಸಮೇತ ಇಡಿ ಅಂದಿದ್ದು.

ಇನ್ನು ಈ ನಿಯಮ ಕೂರುವ ಜಾಗ. ಆಯ್ಕೆಯ ಮಾಡೆಲ್ (ಡೇಟಾಬೇಸ್ ಸಾಲಿನ ರೂಪ ಹೇಳುವ ಕೋಡ್) ಪಕ್ಕದಲ್ಲೇ ‘ತೆರೆದ ಆಯ್ಕೆಗಳು’ ಅಂತ ಒಂದು ಫಂಕ್ಷನ್ ಬರೆಯಿರಿ. ಅದಕ್ಕೆ ‘ಈಗ’ ಅನ್ನುವ ಸಮಯವನ್ನು ಹೊರಗಿನಿಂದ ಕೊಡಬೇಕು. ಒಳಗೇ ಗಡಿಯಾರ ನೋಡುವ ಹಾಗೆ ಬರೆಯಬೇಡಿ, ಕಾರಣ ಮುಂದೆ ಹೇಳುತ್ತೇನೆ. ಅದು ಡೇಟಾಬೇಸ್‌ನಿಂದ ನಿಯಮಕ್ಕೆ ಹೊಂದುವ ಸಾಲುಗಳನ್ನು ತಂದು ಕೊಡುತ್ತದೆ. ಟೆಂಪ್ಲೇಟ್ ಆ ಪಟ್ಟಿಯನ್ನು ಸುತ್ತು ಹಾಕಿ ತೋರಿಸುತ್ತದೆ, ಅಷ್ಟೇ ಅದರ ಕೆಲಸ. ಅದರಲ್ಲಿ ಒಂದು ‘ಇಫ್’ ಉಳಿಯಲಿ: ಪಟ್ಟಿ ಖಾಲಿಯಾಗಿದ್ದರೆ ‘ನೋಂದಣಿ ಮುಗಿದಿದೆ’ ಅಥವಾ ‘ಫೆಬ್ರವರಿ 1ರಂದು ಶುರುವಾಗುತ್ತದೆ’ ಅಂತ ಹೇಳುವುದಕ್ಕೆ. ಒಳಗೆ ಏನೂ ಇಲ್ಲದ ಡ್ರಾಪ್‌ಡೌನ್ ತೋರಿಸಿದರೆ ಜನ ತಮ್ಮ ಫೋನೇ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಫಾರ್ಮ್ ಕ್ಲಾಸ್‌ನಲ್ಲಿ ಅದೇ ಫಂಕ್ಷನ್ ಕೊಟ್ಟ ಪಟ್ಟಿಯನ್ನೇ ಆಯ್ಕೆಯ ಫೀಲ್ಡ್‌ಗೆ ಕೊಡಿ. ಆಗ ಮುಚ್ಚಿದ ಆಯ್ಕೆ ಬಂದರೆ ಜ್ಯಾಂಗೋ ತಾನಾಗಿಯೇ ತಿರಸ್ಕರಿಸುತ್ತದೆ. ಆದರೆ ಇಲ್ಲಿ ಅನುಭವಿಗಳೂ ಎಡವುವ ಒಂದು ಜಾಗ ಇದೆ. ಪಟ್ಟಿಯನ್ನು ಕ್ಲಾಸ್‌ನ ಮೈಯಲ್ಲೇ, ಫೀಲ್ಡ್ ಬರೆಯುವ ಸಾಲಿನಲ್ಲೇ, ‘ಈಗಿನ ಸಮಯ’ ಹಾಕಿ ಫಿಲ್ಟರ್ ಮಾಡಿದರೆ, ಆ ಸಾಲು ಓಡುವುದು ಸರ್ವರ್ ಶುರುವಾದಾಗ ಒಂದೇ ಸಲ. ‘ಈಗ’ ಅನ್ನುವುದು ಆ ಕ್ಷಣದಲ್ಲೇ ನಿಂತುಬಿಡುತ್ತದೆ. ಸರ್ವರ್ ಮೂರು ವಾರ ರೀಸ್ಟಾರ್ಟ್ ಆಗದಿದ್ದರೆ ಫಾರ್ಮ್ ಮೂರು ವಾರ ಹಿಂದೆಯೇ ಇರುತ್ತದೆ. ‘ರೀಸ್ಟಾರ್ಟ್ ಮಾಡಿದರೆ ಸರಿ ಹೋಗುತ್ತೆ’ ಅಂತ ಯಾರಾದರೂ ಹೇಳಿದರೆ ಮೊದಲು ಇಲ್ಲೇ ನೋಡಿ. ಪಟ್ಟಿಯನ್ನು ಫಾರ್ಮಿನ ‘ಇನಿಟ್’ ಒಳಗೆ ಹಾಕಿ. ಪ್ರತಿ ಸಲ ಫಾರ್ಮ್ ಹುಟ್ಟಿದಾಗ ಹೊಸದಾಗಿ ಲೆಕ್ಕ ಆಗುತ್ತದೆ.

ಈಗ ಆ ತಾಯಿಯ ವಿಷಯಕ್ಕೆ ವಾಪಸ್ ಬರೋಣ. ಅವರು ಬೆಳಗ್ಗೆ ಕಳಿಸಿದ ಫಾರ್ಮನ್ನು ಸರ್ವರ್ ತಿರಸ್ಕರಿಸುತ್ತದೆ, ಸರಿ. ಅವರಿಗೆ ಕಾಣುವುದೇನು? ಜ್ಯಾಂಗೋದ ತಯಾರಿ ಸಂದೇಶ ‘ಸರಿಯಾದ ಆಯ್ಕೆ ಆರಿಸಿ’ ಅನ್ನುವ ಥರದ್ದು. ಅದು ಅವರಿಗೆ ಅರ್ಥವೇ ಆಗುವುದಿಲ್ಲ. ನೀವೇ ಬರೆಯಿರಿ: ‘ಮುಂಗಡ ನೋಂದಣಿ ಫೆಬ್ರವರಿ 28ಕ್ಕೆ ಮುಗಿದಿದೆ. ಈಗಿನ ದರ 2,000 ರೂಪಾಯಿ. ಮುಂದುವರಿಯಬೇಕಾದರೆ ಕೆಳಗೆ ಆರಿಸಿ.’ ತುಂಬಿದ ಉಳಿದ ವಿವರಗಳೆಲ್ಲ ಹಾಗೇ ಇರಲಿ. ಅವರು ಆರಿಸದೆ ನೀವೇ 2,000ಕ್ಕೆ ಬದಲಿಸಿ ಹಣ ಕೇಳುವ ಪುಟಕ್ಕೆ ಕಳಿಸುವುದು ಮಾತ್ರ ಬೇಡವೇ ಬೇಡ. ರಾತ್ರಿ 11:55ಕ್ಕೆ ತೆರೆದು 12:05ಕ್ಕೆ ಕಳಿಸುವವರಿಗಾಗಿ ಸಮಯದಲ್ಲಿ ಸ್ವಲ್ಪ ರಿಯಾಯಿತಿ ಇಡುವುದು ಒಳ್ಳೆಯದು. ಫಾರ್ಮ್ ಒಪ್ಪಿಕೊಳ್ಳುವಾಗ ಮಾತ್ರ ಕೊನೆಯ ಸಮಯಕ್ಕೆ 15 ನಿಮಿಷ ಸೇರಿಸಿ. ಹೊಸದಾಗಿ ತೆರೆಯುವವರಿಗೆ ಆಯ್ಕೆ 12ಕ್ಕೇ ಮುಚ್ಚಿರುತ್ತದೆ.

ಹಣದ ಬಗ್ಗೆ ಇನ್ನೊಂದು ಮಾತು. ಯುಪಿಐಯಲ್ಲಿ ಹಣ ಬಂದ ಖಾತ್ರಿ ಕೆಲವೊಮ್ಮೆ ತಡವಾಗಿ ಸಿಗುತ್ತದೆ. 11:58ಕ್ಕೆ ಒತ್ತಿದ್ದು 12:03ಕ್ಕೆ ಮುಗಿಯಬಹುದು. ದರವನ್ನು ಫಾರ್ಮ್ ಒಪ್ಪಿಕೊಂಡ ಕ್ಷಣದಲ್ಲೇ ಆ ನೋಂದಣಿಯ ಸಾಲಿನಲ್ಲಿ ಬರೆದಿಡಿ. ಹಣ ಬಂದಾಗ ಮತ್ತೆ ದಿನಾಂಕ ನೋಡಿ ಲೆಕ್ಕ ಹಾಕಲು ಹೋಗಬೇಡಿ.

ಹಾಗೇ, ಮೊದಲೇ ಸೇರಿದವರು ಮಾರ್ಚ್‌ನಲ್ಲಿ ಬಂದು ಫೋನ್ ನಂಬರ್ ತಿದ್ದಲು ಫಾರ್ಮ್ ತೆರೆಯುತ್ತಾರೆ ಅಂದುಕೊಳ್ಳಿ. ಅವರ ಆಯ್ಕೆ ಈಗ ಪಟ್ಟಿಯಲ್ಲಿಲ್ಲ. ಡ್ರಾಪ್‌ಡೌನ್‌ನಲ್ಲಿ ಅದರ ಜಾಗ ಖಾಲಿ ಕಾಣಿಸುತ್ತದೆ, ಏನಾದರೂ ಆರಿಸು ಅಂತ ಫಾರ್ಮ್ ಪೀಡಿಸುತ್ತದೆ. ನಂಬರ್ ತಿದ್ದಲು ಬಂದವರು ದರ ಬದಲಿಸಿಕೊಂಡು ಹೋಗುತ್ತಾರೆ. ತಿದ್ದುವ ಫಾರ್ಮ್‌ನಲ್ಲಿ ‘ತೆರೆದ ಆಯ್ಕೆಗಳ’ ಜೊತೆ ಅವರು ಮೊದಲು ಆರಿಸಿದ್ದನ್ನೂ ಸೇರಿಸಿ. ಇಲ್ಲವೇ ಆ ಫೀಲ್ಡನ್ನೇ ಅಲ್ಲಿಂದ ತೆಗೆದುಬಿಡಿ. ಎರಡನೆಯದೇ ನನಗೆ ಇಷ್ಟ.

ನಿಮ್ಮ ಗೆಳೆಯರ ಜಾವಾಸ್ಕ್ರಿಪ್ಟ್ ಸಲಹೆ. ಬ್ರೌಸರ್‌ನಲ್ಲಿ ಓಡುವ ಕೋಡ್ ನೋಡುವುದು ಬಂದವರ ಫೋನಿನ ಗಡಿಯಾರವನ್ನು. ಭಾರತದಲ್ಲಿ ಮಾರ್ಚ್ 1ರ ನಡುರಾತ್ರಿ ಅಂದರೆ ದುಬೈನಲ್ಲಿ ಫೆಬ್ರವರಿ 28ರ ರಾತ್ರಿ 10:30, ನ್ಯೂಜೆರ್ಸಿಯಲ್ಲಿ 28ರ ಮಧ್ಯಾಹ್ನ 1:30. ರಜೆಗೆ ಊರಿಗೆ ಬರುವ ಮಗುವನ್ನು ಶಿಬಿರಕ್ಕೆ ಸೇರಿಸುವ ಅಪ್ಪ ಅಮ್ಮ ನ್ಯೂಜೆರ್ಸಿಯಲ್ಲಿದ್ದರೆ ಅವರಿಗೆ ಮುಂಗಡ ಆಯ್ಕೆ ಹತ್ತೂವರೆ ಗಂಟೆ ಜಾಸ್ತಿ ತೆರೆದಿರುತ್ತದೆ. ಫೋನಿನ ದಿನಾಂಕ ಹಿಂದಿಟ್ಟರೆ ಯಾರಿಗೆ ಬೇಕಾದರೂ ತೆರೆದಿರುತ್ತದೆ. ಜೊತೆಗೆ ಜಾವಾಸ್ಕ್ರಿಪ್ಟ್‌ಗೆ ತನ್ನದೇ ವಿಚಿತ್ರಗಳಿವೆ. ಬರೀ ದಿನಾಂಕದ ಸ್ಟ್ರಿಂಗ್ ಕೊಟ್ಟರೆ ಅದನ್ನು ಯುಟಿಸಿ ಅಂದುಕೊಳ್ಳುತ್ತದೆ, ಸಮಯವನ್ನೂ ಸೇರಿಸಿ ಕೊಟ್ಟರೆ ಫೋನಿನ ಸ್ಥಳೀಯ ಸಮಯ ಅಂದುಕೊಳ್ಳುತ್ತದೆ. ಅಂಕಿಗಳಾಗಿ ಕೊಟ್ಟರೆ ತಿಂಗಳನ್ನು ಸೊನ್ನೆಯಿಂದ ಎಣಿಸುತ್ತದೆ, ಮಾರ್ಚ್ ಅಂದರೆ 2. ತೀರ್ಮಾನ ಸರ್ವರಿನದೇ ಆಗಿರಲಿ. ಜಾವಾಸ್ಕ್ರಿಪ್ಟ್‌ಗೆ ಒಂದು ಒಳ್ಳೆಯ ಕೆಲಸ ಕೊಡಬಹುದು: ತೆರೆದಿಟ್ಟ ಪುಟದಲ್ಲಿ ಸಮಯ ಮೀರಿದಾಗ ‘ದರ ಬದಲಾಗಿದೆ, ಪುಟವನ್ನು ಮತ್ತೆ ತೆರೆಯಿರಿ’ ಅಂತ ಹೇಳುವುದು. ಪುಟದಲ್ಲಿ ಸಮಯ ಬರೆಯುವಾಗ ‘ಭಾರತೀಯ ಕಾಲಮಾನ’ ಅನ್ನುವ ಎರಡು ಪದ ಸೇರಿಸಿದರೆ ಹೊರಗಿನವರ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಕ್ಯಾಶ್ ಇಟ್ಟಿದ್ದರೆ ಸರಳ ಉಪಾಯ, ನೋಂದಣಿ ಪುಟವನ್ನು ಅದರಿಂದ ಹೊರಗಿಡುವುದು. ಶಿಬಿರದ ಸೈಟಿಗೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ. ಬಹಳ ಜನ ಬರುವ ಸೈಟಾದರೆ ಮುಂದಿನ ಬದಲಾವಣೆಗೆ ಎಷ್ಟು ಸೆಕೆಂಡ್ ಉಳಿದಿದೆ ಅಂತ ಲೆಕ್ಕ ಹಾಕಿ, ಕ್ಯಾಶ್‌ನ ಆಯಸ್ಸು ಅದನ್ನು ಮೀರದಂತೆ ನೋಡಿಕೊಳ್ಳಬೇಕು.

ಹ್ಯೂಗೋ, ಜೆಕಿಲ್ ಥರದ ಸ್ಟ್ಯಾಟಿಕ್ ಸೈಟ್ (ಪುಟಗಳೆಲ್ಲ ಮೊದಲೇ ತಯಾರಾಗಿ ಕೂತಿರುವ ಸೈಟ್) ಇರುವ ಓದುಗರಿಗೂ ಒಂದು ಮಾತು. ಅಲ್ಲಿ ಟೆಂಪ್ಲೇಟ್‌ನ ‘ಈಗ’ ಅಂದರೆ ಸೈಟ್ ಬಿಲ್ಡ್ ಆದ ಸಮಯ. ಮತ್ತೆ ಬಿಲ್ಡ್ ಮಾಡುವವರೆಗೆ ಗಡಿಯಾರ ಕದಲುವುದಿಲ್ಲ. ದಿನಾ ಒಂದು ಸಲ ತಾನಾಗಿ ಬಿಲ್ಡ್ ಆಗುವಂತೆ ಕ್ರಾನ್ (ನಿಗದಿತ ಸಮಯಕ್ಕೆ ಕೆಲಸ ಓಡಿಸುವ ವ್ಯವಸ್ಥೆ) ಇಡಬೇಕು. ಕ್ರಾನ್ ಯುಟಿಸಿಯಲ್ಲಿದ್ದರೆ ನಮ್ಮ ನಡುರಾತ್ರಿಗೆ 18:30 ಅಂತ ಬರೆಯಬೇಕು. ಅದು ಕೆಲವು ನಿಮಿಷ ತಡವಾಗಿ ಓಡುವುದೂ ಉಂಟು. ಹಾಗಾಗಿ ನೋಟಿಸ್, ಬ್ಯಾನರ್ ತೋರಿಸಲು ಆದೀತು, ಹಣದ ಆಯ್ಕೆಗೆ ಸಾಲದು. ವರ್ಡ್‌ಪ್ರೆಸ್ ಇರುವವರು ಪಿಎಚ್‌ಪಿಯ ಬರೀ ‘ಡೇಟ್’ ಫಂಕ್ಷನ್ ಬಿಟ್ಟು, 5.3ರಲ್ಲಿ ಬಂದ ‘ಡಬ್ಲ್ಯುಪಿ ಡೇಟ್’ ಬಳಸಿ. ವರ್ಡ್‌ಪ್ರೆಸ್ ಒಳಗೊಳಗೇ ಪಿಎಚ್‌ಪಿಯ ಟೈಮ್‌ಝೋನನ್ನು ಯುಟಿಸಿಗೆ ಇಟ್ಟಿರುತ್ತದೆ, ನೀವು ಸೈಟ್ ಸೆಟ್ಟಿಂಗ್ಸ್‌ನಲ್ಲಿ ಏನೇ ಆರಿಸಿದ್ದರೂ.

ಫಂಕ್ಷನ್‌ಗೆ ‘ಈಗ’ವನ್ನು ಹೊರಗಿನಿಂದ ಕೊಡಿ ಅಂದೆನಲ್ಲ, ಅದು ಪರೀಕ್ಷೆಗಾಗಿ. ಮಾರ್ಚ್ 1ರ ರಾತ್ರಿ ಎದ್ದು ಕೂತು ನೋಡುವುದು ಪರೀಕ್ಷೆಯಲ್ಲ. ಫೆಬ್ರವರಿ 28ರ 23:59:59, ಮಾರ್ಚ್ 1ರ 00:00:00, ಮಾರ್ಚ್ 1ರ 05:29, ಮಾರ್ಚ್ 26ರ 00:00, ಏಪ್ರಿಲ್ 6ರ 00:00, ಈ ಐದು ಕ್ಷಣಗಳನ್ನು ಕೊಟ್ಟು ಯಾವ ಆಯ್ಕೆ ಬರುತ್ತದೆ ಅಂತ ಟೆಸ್ಟ್ ಬರೆಯಿರಿ. ಕೊನೆಯದಕ್ಕೆ ಖಾಲಿ ಪಟ್ಟಿ ಬರಬೇಕು. ಪೂರ್ತಿ ಪುಟವನ್ನೇ ಬೇರೆ ದಿನದಲ್ಲಿ ಓಡಿಸಿ ನೋಡಬೇಕಾದರೆ ಪೈಥಾನ್‌ನಲ್ಲಿ ‘ಫ್ರೀಜ್‌ಗನ್’ ಅನ್ನುವ ಲೈಬ್ರರಿ ಇದೆ. ಸರ್ವರಿನ ಗಡಿಯಾರ ತಿರುಗಿಸಿ ನೋಡಲು ಮಾತ್ರ ಹೋಗಬೇಡಿ. ಲಾಗ್, ಲಾಗಿನ್ ಅವಧಿ, ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಎಲ್ಲವೂ ಆ ಗಡಿಯಾರವನ್ನೇ ನಂಬಿಕೊಂಡಿರುತ್ತವೆ.

ಕೊನೆಗೆ ಆ 500 ರೂಪಾಯಿ. ಕೇಳಬೇಡಿ. ನಿಮ್ಮ ಪುಟ 1,500 ಅಂತ ತೋರಿಸಿತು, ನಿಮ್ಮ ಸರ್ವರ್ ಒಪ್ಪಿಕೊಂಡಿತು, ಅವರು ಆ ಹಣ ಕಟ್ಟಿದರು. ಸಮಿತಿಯವರಿಗೆ ಇದನ್ನು ಹೀಗೇ ಹೇಳಿ. ಯಾರು, ಎಷ್ಟು ಹೊತ್ತಿಗೆ, ಯಾವ ದರದಲ್ಲಿ ಸೇರಿದರು ಅಂತ ಪಟ್ಟಿ ತೆಗೆದುಕೊಡಿ. ಡೇಟಾಬೇಸ್‌ನಲ್ಲಿ ಅವರ ಮೊತ್ತವನ್ನೋ ಸಮಯವನ್ನೋ ತಿದ್ದಬೇಡಿ. ಷರಾ ಅಂತ ಒಂದು ಕಾಲಂ ಸೇರಿಸಿ ‘ಹಳೆಯ ದರ, ಸೈಟಿನ ತೊಂದರೆಯಿಂದ’ ಅಂತ ಬರೆದಿಡಿ, ಲೆಕ್ಕ ನೋಡುವವರಿಗೆ ಬೇಕಾಗುತ್ತದೆ. ಮಾರ್ಚ್ 26ರ ಬದಲಾವಣೆ ಬರುವ ಮುಂಚೆ ಇವತ್ತೇ ಟೈಮ್‌ಝೋನ್ ಸರಿಮಾಡಿ, ಫಾರ್ಮ್ ಒಪ್ಪಿಕೊಳ್ಳುವ ಕಡೆ ದಿನಾಂಕದ ಪರೀಕ್ಷೆ ಹಾಕಿ. ಉಳಿದದ್ದನ್ನು ಈ ವಾರ ಬಿಡುವಾದಾಗ ಮಾಡಿಕೊಳ್ಳಬಹುದು.